ಜೇನು ಕುಳಿತ ಗಂಟು

ಅವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಮರ ಹತ್ತುವುದು ಅವನ ಕಸುಬು, ಮಾತಾಡುವುದು ಅವನ ಹಣೆಬರಹ. ಅರಳು ಹುರಿದ ಹಾಗೆ ಮಾತು. ಕೊಂಬೆಯ ತುದಿಯಲ್ಲಿ ಗರಗಸ ಹಿಡಿದು ತೂಗಾಡುವಾಗಲೂ ಬಾಯಿಗೆ ಬಿಡುವಿಲ್ಲ. ಇಲ್ಲೊಂದು ಗೂಡಿದೆ, ಮೊಟ್ಟೆ ನೀಲಿಯಾಗಿದೆ. ಇಲ್ಲಿ ಎಲೆ ತಿಕ್ಕಿದರೆ ನಿಂಬೆಯ ವಾಸನೆ. ಅಗೋ ಆ ತಾರಸಿಯಲ್ಲಿ ಯಾರೋ ನಾಯಿಗೆ ಸ್ನಾನ ಮಾಡಿಸುತ್ತಿದ್ದಾರೆ, ನಾಯಿಗಿಂತ ಅವರೇ ಹೆಚ್ಚು ಒದ್ದೆಯಾಗಿದ್ದಾರೆ. ಇದೆಲ್ಲ ಯಾರಿಗೆ ಬೇಕು ಹೇಳಿ! ಆದರೆ ಕೇಳಲೇಬೇಕಾದವಳು ಒಬ್ಬಳಿದ್ದಳು, ಕೆಳಗೆ ನಿಂತು ಹಗ್ಗ ಕಾಯುವ ಅವನ ಹೆಂಡತಿ. ಇಬ್ಬರ ಹೆಲ್ಮೆಟ್ಟಿನಲ್ಲೂ ಕಿವಿಗೊಂದು ಪುಟ್ಟ ಸ್ಪೀಕರು, ಬಾಯಿಗೊಂದು ಮೈಕು. ಅದನ್ನು ಕೊಂಡ ದಿನ ಅವಳು, ಈ ರೇಡಿಯೊ ಇಷ್ಟು ದಿನ ಮನೆಯೊಳಗೆ ಮಾತ್ರ ಇತ್ತು, ಇನ್ನು ತಲೆಯೊಳಗೂ ಬಂತಲ್ಲ ಎಂದಿದ್ದಳು. ಅವಳದು ಅಳೆದು ತೂಗಿ ಆಡುವ ಮಾತು.

ಅವಳೂ ಒಂದು ಕಾಲಕ್ಕೆ ಹತ್ತುತ್ತಿದ್ದವಳೇ. ನಿಜ ಹೇಳಬೇಕೆಂದರೆ ಅವನಿಗಿಂತ ಚೆನ್ನಾಗಿ ಹತ್ತುತ್ತಿದ್ದವಳು. ಮೊಣಕಾಲಿಗೆ ಆಪರೇಷನ್ ಆದಮೇಲೆ ಡಾಕ್ಟರು ಮರದ ಆಸೆ ಬಿಡಿ ಎಂದರು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಮರುವಾರವೇ ಕೈಗವಸು ಹಾಕಿಕೊಂಡು ನೆಲದ ಕೆಲಸಕ್ಕೆ ನಿಂತಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಇವರ ಜಗಳ ಎದ್ದು ಹಗ್ಗ ಕಟ್ಟುವಾಗ ಶುರುವಾಗುತ್ತಿತ್ತು. ಆ ದಿನ ಕೆಲಸವಿದ್ದದ್ದು ಒಂದು ಗ್ರಂಥಾಲಯದ ಹಿತ್ತಲಿನಲ್ಲಿ. ಕಟ್ಟಡಕ್ಕಿಂತ ಎತ್ತರದ ನೀಲಗಿರಿ ಮರ, ಮೈತುಂಬ ಹೂವು. ಅದರ ಒಂದು ಒಣಕೊಂಬೆ ಓದುವ ಕೋಣೆಯ ಹೆಂಚಿನ ಮೇಲೆ ಚಾಚಿಕೊಂಡಿತ್ತು. ಅದನ್ನು ತುಂಡು ತುಂಡಾಗಿ ಇಳಿಸಬೇಕು. ಹಗ್ಗವನ್ನು ಮೇಲಿನ ಕವಲಿಗೇ ಬಿಗಿದು ಹತ್ತಿದರೆ ಬೇಗ ಮುಗಿಯುತ್ತದೆಂದು ಅವನ ವಾದ. ಅವಳು ಒಪ್ಪಲಿಲ್ಲ. ಎರಡರಷ್ಟು ಉದ್ದದ ಹಗ್ಗ ತಂದು, ಕವಲಿನ ಮೇಲಿಂದ ಹಾಯಿಸಿ, ಇನ್ನೊಂದು ತುದಿಯನ್ನು ಬುಡಕ್ಕೆ ಕಟ್ಟಿದ ಬ್ರೇಕಿನೊಳಗೆ ತೂರಿಸಿದಳು. ಮೇಲೆ ನಿನಗೇನಾದರೂ ಆದರೆ ನಾನು ಹತ್ತಿ ಬರುವ ಹಾಗಿಲ್ಲ, ಇಲ್ಲಿಂದಲೇ ಬ್ರೇಕು ಸಡಿಲಿಸಿ ನಿನ್ನನ್ನು ಇಳಿಸಬಹುದು ಎಂದಳು.

ನಾನೇನು ಬಾವಿಗೆ ಬಿಟ್ಟ ಕೊಡವೇ ಎಂದು ರೇಡಿಯೊ ನಕ್ಕ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಗ್ರಂಥಾಲಯದ ಕಾವಲುಗಾರ ಕುತೂಹಲದಿಂದ ನಿಂತಿದ್ದ. ಕೇಳುವವರಿದ್ದರೆ ಇವನ ನಾಲಿಗೆಗೆ ಲಗಾಮು ಎಲ್ಲಿ?

"ಮರ ಹತ್ತೋಕಾಗದೋರಿಗೆ ಮರದ ಭಯ ಜಾಸ್ತಿ," ಎಂದುಬಿಟ್ಟ.

ಅವಳು ಹಗ್ಗ ಬಿಗಿದಳು. ಹಗ್ಗದಲ್ಲೂ ಗಂಟು, ಮುಖದಲ್ಲೂ ಗಂಟು. ಅವನಿಗೂ ಆಡಿದ್ದು ಹೆಚ್ಚಾಯಿತೆಂದು ಗೊತ್ತಾಯಿತು, ಆದರೆ ಒಪ್ಪಿಕೊಳ್ಳುವ ಜಾಯಮಾನವಲ್ಲ. ದುಡುದುಡು ಹೊರಟ. ಆ ಆತುರದಲ್ಲಿ ಸೂಜಿಯನ್ನು ಮರೆತ. ಹಿಂದೊಮ್ಮೆ ಒಂದೇ ಒಂದು ಜೇನ್ನೊಣ ಕಚ್ಚಿ ಗಂಟಲು ಊದಿಕೊಂಡು, ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಔಷಧದ ಸೂಜಿ ಸೊಂಟದ ಚೀಲದಲ್ಲಿ ಇರಲೇಬೇಕು. ಈಗ ಅದು ಮರದ ಬುಡದಲ್ಲಿ ಪೆಟ್ಟಿಗೆಯೊಳಗೆ ಇತ್ತು.

ಒಣಕೊಂಬೆಯ ಬಳಿ ತಲುಪಿ, ಗರಗಸ ಆಡಿಸುವ ಮುಂಚಿನ ನಿಯಮದಂತೆ ಸೊಂಟದ ಗಿಡ್ಡ ಹಗ್ಗವನ್ನೂ ಕಾಂಡಕ್ಕೆ ಸುತ್ತಿ ಕೊಂಡಿ ಹಾಕಿದ. ಎರಡು ಕಡೆ ಕಟ್ಟಿಕೊಳ್ಳದೆ ಕೊಯ್ಯುವಂತಿಲ್ಲ, ಗರಗಸಕ್ಕೆ ಹಗ್ಗ ಯಾವುದು ಕೊಂಬೆ ಯಾವುದು ಎಂಬ ಭೇದವಿಲ್ಲ. ಗರಗಸದ ಇಂಜಿನ್ ಎಳೆದು ಶುರುಮಾಡುವ ದಾರಕ್ಕೆ ಕೈ ಹಾಕಿದ್ದ, ಅಷ್ಟರಲ್ಲಿ ಹೆಂಚಿನ ಆಚೆಯಿಂದ ಗುಂಯ್ ಎಂಬ ಸದ್ದು ಎದ್ದಿತು. ತಿರುಗಿ ನೋಡಿದರೆ ಗಾಳಿಯೇ ಕಂದುಬಣ್ಣಕ್ಕೆ ತಿರುಗಿ ತನ್ನ ಕಡೆ ಬರುತ್ತಿದೆ. ಹಳೆಯ ಗೂಡು ಬಿಟ್ಟು ಹೊಸದನ್ನು ಹುಡುಕಿ ಹೊರಟ ಜೇನುಹಿಂಡು! ರಾಣಿಗೆ ದಣಿವಾದಲ್ಲಿ ಹಿಂಡೆಲ್ಲ ಕೂರುತ್ತದೆ. ಅಷ್ಟು ದೊಡ್ಡ ಮರ ಇರುವಾಗ ಆ ಮಹಾರಾಣಿಗೆ ದಣಿವಾದದ್ದು ಇವನ ಎದೆಯ ಮುಂದೆ.

ಎದೆಯ ಮುಂದೆ, ಸೊಂಟ ತೊಡೆಗೆ ಬಿಗಿದ ಹಾರ್ನೆಸ್ಸಿನಿಂದ ಹೊರಟು ಹಗ್ಗವನ್ನು ತಬ್ಬಿಕೊಂಡ ಗಂಟಿನ ಮೇಲೆ. ಮರ ಹತ್ತುವವನ ಪ್ರಾಣ ಇರುವುದು ಆ ಗಂಟಿನಲ್ಲಿ. ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ, ಕೈಯಿಂದ ಅದುಮಿದರೆ ಜಾರಿ ಕೆಳಗಿಳಿಸುತ್ತದೆ. ನೋಡುನೋಡುತ್ತಿದ್ದಂತೆ ಗಂಟು ಕಾಣದಾಯಿತು. ಒಂದರ ಕಾಲು ಇನ್ನೊಂದು ಹಿಡಿದು, ಸಾವಿರಾರು ನೊಣ ಇಳಿಬಿದ್ದು, ಗಡ್ಡದ ಹಾಗೆ ಬೆಳೆದವು. ಕೆಲವು ಅಂಗಿಯ ಮೇಲೆ, ಕೆಲವು ಕೊರಳ ಮೇಲೆ ನಡೆದಾಡತೊಡಗಿದವು. ಗಂಟಿಗೆ ಕೈ ಹಾಕಿದರೆ ಜೇನು ಅರೆದುಹೋಗುತ್ತದೆ, ಅರೆದರೆ ಉಳಿದವು ಬಿಡುವುದಿಲ್ಲ. ಅಲ್ಲಾಡದೆ ನೇತಾಡಿದರೆ ಹಾರ್ನೆಸ್ಸಿನ ಪಟ್ಟಿ ತೊಡೆಯನ್ನು ಒತ್ತಿ, ರಕ್ತ ಕಾಲಿನಲ್ಲೇ ನಿಂತು, ಪ್ರಜ್ಞೆ ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ. ರೇಡಿಯೊ ಬಾಯಿ ತೆರೆದ.

"ಬಾಯಿ ಮುಚ್ಚು," ಎಂದಿತು ಕಿವಿಯೊಳಗಿನ ಹೆಂಡತಿಯ ದನಿ. "ಉಸಿರು ತಾಗಿದ್ರೆ ಅವಕ್ಕೆ ಸಿಟ್ಟು ಬರತ್ತೆ. ಮೂಗಲ್ಲಿ ನಿಧಾನ ಉಸಿರಾಡು. ಕೇಳಿಸ್ತಿದ್ರೆ ಬಲಗಾಲು ಆಡಿಸು."

ಅವನು ಬೂಟು ಆಡಿಸಿದ. ಕೆಳಗೆ ಕಾವಲುಗಾರ ಹೊಗೆ ಹಾಕೋಣವೇ, ಪೈಪಿನಿಂದ ನೀರು ಬಿಡೋಣವೇ ಎಂದು ಕುಣಿದಾಡುತ್ತಿದ್ದದ್ದು ಕೇಳಿಸಿತು. ಅವಳು ಅವನಿಗೆ ಕಟ್ಟಡದ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಆಂಬುಲೆನ್ಸಿಗೆ ಫೋನು ಮಾಡಲು ಹೇಳಿ ಕಳಿಸಿದಳು. ಆಮೇಲೆ ಇವನಿಗೆ, ಹಿಂಡು ತಾನಾಗಿಯೇ ಎದ್ದು ಹೋಗುತ್ತದೇನೋ ಕಾಯೋಣ, ಬೂಟಿನೊಳಗೇ ಬೆರಳು ಮುದುರು, ಬಿಡು, ಮೀನಖಂಡ ಬಿಗಿ ಮಾಡು, ಬಿಡು ಎಂದು ಒಂದೇ ಸಮನೆ ಹೇಳುತ್ತ ಹೋದಳು.

ಹುಟ್ಟಿದಾಗಿನಿಂದ ಇಷ್ಟು ಹೊತ್ತು ಅವನು ಸುಮ್ಮನಿದ್ದದ್ದಿಲ್ಲ. ಸುಮ್ಮನಾದ ಮೇಲೆಯೇ ಅವನಿಗೆ ಕಾಣಿಸತೊಡಗಿದ್ದು. ಹೆಲ್ಮೆಟ್ಟಿನಿಂದ ಮುಖಕ್ಕೆ ಇಳಿದ ಜಾಲರಿಯ ಆಚೆ, ಗೇಣುದೂರದಲ್ಲಿ, ಆ ಹಿಂಡು ಒಂದೇ ಮೈಯಾಗಿ ಉಸಿರಾಡುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಅದರ ಮೇಲೊಂದು ಅಲೆ ಹಾದುಹೋಗುವುದು, ಮತ್ತೆ ನಿಶ್ಚಲ. ಅದರ ಶಾಖ ಕೆನ್ನೆಗೆ ತಾಗುತ್ತಿತ್ತು. ಮೇಣದ ವಾಸನೆ, ಹೂವಿನ ವಾಸನೆ. ಗುಂಯ್‌ಗುಡುವುದು ಕಿವಿಯಲ್ಲಲ್ಲ, ಹಗ್ಗದಿಂದ ಹಾರ್ನೆಸ್ಸಿಗೆ, ಹಾರ್ನೆಸ್ಸಿನಿಂದ ಎಲುಬಿಗೆ ಇಳಿದು ಎದೆಗೂಡಿನಲ್ಲೇ ಕೇಳಿಸುತ್ತಿತ್ತು. ಇಷ್ಟು ಜೀವ ತನ್ನ ಗಂಟನ್ನೇ ನಂಬಿ ತೂಗುತ್ತಿದೆಯಲ್ಲ! ಭಯ ಇತ್ತು, ಇಲ್ಲವೆನ್ನುವುದು ಸುಳ್ಳು. ಆದರೆ ಭಯಕ್ಕಿಂತ ದೊಡ್ಡದೊಂದು ಅವನೊಳಗೆ ಬಂದು ಕೂತಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಹಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪಾದ ಮರಗಟ್ಟಿತು. ಕಣ್ಣಿನ ಅಂಚಿನಿಂದ ಕತ್ತಲೆ ಕವಿಯುತ್ತ ಬಂತು. ಬೂಟು ಆಡುವುದು ನಿಂತದ್ದನ್ನು ಅವಳು ನೋಡಿದಳು.

"ಇನ್ನು ಕಾಯಲ್ಲ. ಜೇನು ಸಮೇತ ಇಳಿಸ್ತೀನಿ. ಸೊಂಟದ ಕೊಂಡಿ ಬಿಚ್ಚು, ಅಷ್ಟೇ ನಿನ್ನ ಕೆಲಸ."

ಕೊಂಡಿ ಎಡಸೊಂಟದಲ್ಲಿತ್ತು. ಕೈಗವಸಿನ ಮೇಲೆ ನೊಣಗಳು ಹರಿದಾಡುತ್ತಿದ್ದವು. ಅವನು ಒಂದೊಂದೇ ಬೆರಳು ಬಗ್ಗಿಸಿ, ತಿರುಪು ತಿರುಗಿಸಿ, ಕೊಂಡಿಯ ಬಾಯಿ ಒತ್ತಿ ತೆರೆದ. ಗಿಡ್ಡ ಹಗ್ಗ ಕಾಂಡದಿಂದ ಕಳಚಿಕೊಂಡಿತು. ಈಗ ಅವನಿಗಿದ್ದದ್ದು ಬೆಳಿಗ್ಗೆ ಅವನು ಗೇಲಿ ಮಾಡಿದ್ದ ಆ ಒಂದೇ ಹಗ್ಗ, ಅದರ ಕೆಳತುದಿಯಲ್ಲಿ ಅವಳ ಎರಡು ಕೈ.

ಹಗ್ಗ ಕವಲಿನ ಮೇಲೆ ಸರಿಯತೊಡಗಿತು. ಇಳಿಯುತ್ತಿರುವುದು ಅವನಿಗೆ ಮೊದಲು ಗೊತ್ತೇ ಆಗಲಿಲ್ಲ, ಎಲೆಗಳು ಮೇಲೇರುತ್ತಿವೆ ಅನ್ನಿಸಿತು. ಒಂದು ಜರ್ಕಿಲ್ಲ, ಒಂದು ನಡುಕವಿಲ್ಲ. ಮಲಗಿದ ಮಗುವಿನ ತೊಟ್ಟಿಲನ್ನೂ ಯಾರೂ ಅಷ್ಟು ಹಗುರಾಗಿ ತೂಗಿರಲಿಕ್ಕಿಲ್ಲ. ದಾರಿಗೆ ಅಡ್ಡ ಬಂದ ಕೊಂಬೆಯ ಹತ್ತಿರ ನಿಲ್ಲಿಸಿ, ಎಡಗಾಲಿಂದ ದೂಡಿಕೋ ಎಂದಳು. ಅವನು ದೂಡಿಕೊಂಡ. ಹಿಂಡು ಒಮ್ಮೆ ಗುಡುಗಿ ಸುಮ್ಮನಾಯಿತು. ಅವನ ಎಚ್ಚರ ತಪ್ಪದಿರಲೆಂದು ಅವಳು ಮಾತಾಡುತ್ತಲೇ ಇದ್ದಳು. ಅವಳು ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲೇ ಇಲ್ಲ.

"ಕಾಲು ಹೋದ್ಮೇಲೆ ನಾನು ಮರ ನೋಡ್ತಿದ್ದದ್ದೇ ನಿನ್ನ ಬಾಯಲ್ಲಿ," ಎಂದಳು. "ಆ ನೀಲಿ ಮೊಟ್ಟೆ, ಆ ಎಲೆ ವಾಸನೆ. ಸಾಕು ಮಾಡು ಅಂತ ಬೈತಿದ್ದೆ ನಿಜ. ಆದ್ರೆ ಒಂದಿನಾನೂ ಸ್ಪೀಕರ್ ಆಫ್ ಮಾಡಿಲ್ಲ, ನೋಡು. ನೀನು ಸುಮ್ಮನಾಗಿಬಿಟ್ರೆ ನಂಗೆ ಮೇಲಿನದ್ದು ಯಾವ್ದೂ ಉಳಿಯಲ್ಲ."

ಅವನು ಉತ್ತರಕ್ಕೆ ಬೂಟು ಆಡಿಸಬೇಕೆಂದುಕೊಂಡ. ಕಾಲು ಕೇಳಲಿಲ್ಲ.

ಹಿಮ್ಮಡಿ ನೆಲಕ್ಕೆ ತಾಗಿತು. ಅವಳು ಬ್ರೇಕು ಬಿಗಿದು, ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ ಭದ್ರಮಾಡಿಯೇ ಬಂದಳು. ಸೂಜಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ತೊಡೆಯ ಬಕಲ್ಲು, ಆಮೇಲೆ ಸೊಂಟದ್ದು. ಜೇನಿನ ಗಡ್ಡ ಅವಳ ಹಣೆಯಿಂದ ಬೆರಳಿನಷ್ಟು ದೂರ ಇತ್ತು. ಬೆನ್ನ ಹಿಂದೆ ಹೋಗಿ ಕಂಕುಳಿಗೆ ಕೈಕೊಟ್ಟು ಅವನನ್ನು ಹಾರ್ನೆಸ್ಸಿನಿಂದ ಹೊರಗೆಳೆದಳು. ಕೊರಳ ಮೇಲಿದ್ದ ಕೊನೆಯ ನೊಣಗಳು ತಾವಾಗಿಯೇ ಎದ್ದು ಹಿಂಡಿಗೆ ಮರಳಿದವು. ಒಂದೂ ಕಚ್ಚಲಿಲ್ಲ.

ಆಂಬುಲೆನ್ಸಿನವರು ಬಂದು ನೋಡಿ, ಎಲ್ಲ ಸರಿಯಿದೆ, ಇವತ್ತು ಹತ್ತಬೇಡಿ ಎಂದು ಹೋದರು. ಗಂಡ ಹೆಂಡತಿ ಗೋಡೆಗೊರಗಿ ಕೂತು, ಖಾಲಿ ಹಾರ್ನೆಸ್ಸಿನಲ್ಲಿ ತೂಗುವ ಆ ಹಿಂಡನ್ನೇ ನೋಡುತ್ತಿದ್ದರು. ಬಿಸಿಲು ತಿರುಗಿದಾಗ ಅದು ಸಡಿಲವಾಗಿ, ಬಿಚ್ಚಿ, ಮೇಲೆದ್ದು, ಇಡೀ ಹಿತ್ತಲು ತುಂಬಿ ಸುತ್ತಿತು. ನೀಲಗಿರಿಯ ನೆತ್ತಿ ದಾಟಿ ಹೋಯಿತು. ಅವನು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದಮೇಲೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಮರದ ಬುಡದಲ್ಲಿ ಸೂಜಿಯನ್ನು ಚೀಲಕ್ಕೆ ಸೇರಿಸಿಕೊಂಡು, ಬ್ರೇಕಿಗೆ ಹೋಗುವ ಹಗ್ಗದ ತುದಿಯನ್ನು ಅವಳ ಕೈಗಿಟ್ಟ. "ಕಟ್ಟು," ಎಂದ. ಅವಳು ಕಟ್ಟಿದಳು. ಅವನು ಆ ಗಂಟನ್ನು ಒಮ್ಮೆ ಮುಟ್ಟಿ ನೋಡಿ, ನಿನ್ನೆ ಆಡಿದ ಮಾತಿಗೆ ತಪ್ಪಾಯಿತೆಂದು ಮೆಲ್ಲಗೆ ಹೇಳಿ ಹತ್ತಿದ. ಕಾವಲುಗಾರನಿಗೆ ಕೇಳಿಸಲಿಲ್ಲ, ಕೇಳಿಸಬೇಕಾದವಳಿಗೆ ಕೇಳಿಸಿತು.

ಅರ್ಧ ಮರ ಏರಿದರೂ ಅವನಿಂದ ಸದ್ದಿಲ್ಲ. ನಿನ್ನೆಯದನ್ನು ಎಲ್ಲಿಂದ ಶುರುಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಆಗ ಕಿವಿಯೊಳಗೆ ಅವಳು ಕೇಳಿದಳು.

"ರೇಡಿಯೊ ಯಾಕೆ ನಿಂತಿದೆ?"

ಅವನು ಕವಲಿಗೆ ಒರಗಿ, ಜೇನು ಕೂತಿದ್ದ ಗಂಟಿನ ಮೇಲೆ ಕೈಯಿಟ್ಟ. ಅಲ್ಲಿ ಇನ್ನೂ ಮೇಣದ ವಾಸನೆಯಿತ್ತು.

"ಬಿಸಿ ಇತ್ತು ಕಣೇ," ಎಂದ. "ಅದರ ಮೈ ಬಿಸಿ ಇತ್ತು. ಕೇಳು, ಮೊದಲಿಂದ ಹೇಳ್ತೀನಿ."