ಬಿಟ್ಟು ಓದಿದ ಸಾಲು

ಪ್ರಶ್ನೆಪತ್ರಿಕೆ ಓದುತ್ತಿದ್ದ ಮೊಬೈಲಿನ ದನಿ ಕಾನೂನು ವಿಭಾಗದ ಎರಡನೆಯ ಪ್ಯಾರಾಕ್ಕೆ ಬಂದಾಗ ಶೈಲಾ ಪರದೆಯ ಮೇಲೆ ಬೆರಳೊತ್ತಿ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಅಪ್ಪಣೆಯಿಲ್ಲದೆ ಪರರ ಜಾಗಕ್ಕೆ ಕಾಲಿಡುವುದು ಅತಿಕ್ರಮಣ. ಆದರೆ ಯಾರದಾದರೂ ಜೀವ ಉಳಿಸಲು ಹೋದರೆ ಅಲ್ಲ ಎಂದು ಆ ಇಂಗ್ಲಿಷ್ ದನಿ ಹೇಳುತ್ತಿತ್ತು. ಪರೀಕ್ಷೆಯ ದಿನ ಆ 'ಆದರೆ' ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಮರೆತಿರಬಹುದೇ ಎಂದು ಒಂದು ಗಳಿಗೆ ತನ್ನನ್ನೇ ಅನುಮಾನಿಸಿದಳು. ಆದರೆ ಚಿಕ್ಕಂದಿನಲ್ಲಿ ಜ್ವರ ಬಂದು ಕಣ್ಣು ಹೋದಾಗಿನಿಂದ, ಕೇಳಿದ್ದನ್ನು ಹಿಡಿದಿಟ್ಟುಕೊಂಡೇ ದ್ವಿತೀಯ ಪಿಯುಸಿವರೆಗೆ ಬಂದವಳು ಅವಳು. ಆ ಪ್ರಶ್ನೆ ಈಗಲೂ ಬಾಯಿಪಾಠ ಇತ್ತು. ಬಾವಿಗೆ ಬಿದ್ದ ಮಗುವನ್ನು ಎತ್ತಲು ಒಬ್ಬ ಪಕ್ಕದ ಮನೆಯ ಗೋಡೆ ಹಾರುತ್ತಾನೆ, ಅವನದು ತಪ್ಪೇ? ತಪ್ಪು ಎಂದು ಗುರುತು ಮಾಡಿಸುವಾಗ ಅವಳ ಮನಸ್ಸು ಹಿಂಜರಿದಿತ್ತು. ಆದರೆ ಹುನಗುಂದದ ವಕೀಲ ಶಂಕರಲಿಂಗ ಅವರು ಭಾನುವಾರ ಭಾನುವಾರ ಕೂಡಿಸಿಕೊಂಡು ಕಲಿಸಿದ್ದು ಒಂದೇ ಮಾತು: "ಕಾನೂನು ತರ್ಕದ ವಿಭಾಗದಾಗ ನಿನ್ನ ಮನಸಿನ ನ್ಯಾಯ ತರಬ್ಯಾಡವಾ. ಪ್ಯಾರಾದಾಗ ಏನ್ ಕೊಟ್ಟಾರೋ ಅಷ್ಟ ನಂಬು."

ಅವಳು ಅಷ್ಟನ್ನೇ ನಂಬಿದ್ದಳು.

ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಲ್ಲಿ ಕಾಯ್ದೆಗಳನ್ನು ಉರು ಹೊಡೆದು ಬರೆಯುವಂಥದ್ದು ಏನೂ ಇಲ್ಲ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಲೆಕ್ಕ ಎಂದು ಐದು ವಿಭಾಗ. ಎಲ್ಲದರಲ್ಲೂ ಉದ್ದುದ್ದ ಪ್ಯಾರಾ ಕೊಟ್ಟು, ಅದರ ಕೆಳಗೆ ಪ್ರಶ್ನೆ ಕೇಳುತ್ತಾರೆ. ಕಣ್ಣಿದ್ದವರು ಪ್ರಶ್ನೆ ನೋಡಿ ಮತ್ತೆ ಪ್ಯಾರಾಕ್ಕೆ ಹೋಗಬಹುದು. ಶೈಲಾ ಮಾತ್ರ ಇಡೀ ಪ್ಯಾರಾವನ್ನು ತಲೆಯೊಳಗೇ ಹರವಿಕೊಳ್ಳಬೇಕು. ಅದಕ್ಕಾಗಿ ವರ್ಷವಿಡೀ ಮೊಬೈಲಿನ ದನಿಯ ವೇಗ ಹೆಚ್ಚಿಸುತ್ತ ಹೆಚ್ಚಿಸುತ್ತ ಅಭ್ಯಾಸ ಮಾಡಿದ್ದಳು. ಪರೀಕ್ಷೆಗೆ ಮೊಬೈಲು ನಡೆಯುವುದಿಲ್ಲ. ಓದಿ ಹೇಳಿ ಉತ್ತರ ಗುರುತಿಸಲು ತನಗಿಂತ ಕೆಳಗಿನ ತರಗತಿಯವರೊಬ್ಬರನ್ನು ಕರೆತರಬೇಕು. ತಂಗಿ ಸುನಂದಾ ಆಗ ಪ್ರಥಮ ಪಿಯುಸಿ. ಹತ್ತನೆಯವರೆಗೆ ತಮ್ಮೂರು ಕಮತಗಿಯ ಕನ್ನಡ ಶಾಲೆಯಲ್ಲಿ ಓದಿದವಳು. "ನಾ ಬರ್ತೇನಿ ಬಿಡಕ್ಕಾ, ಹೊರಗಿನವ್ರು ಯಾಕ?" ಎಂದು ತಾನಾಗಿಯೇ ಹೇಳಿದ್ದಳು.

ಫಲಿತಾಂಶ ಬಂದಾಗ ಶೈಲಾಳ ಸ್ಥಾನ ಎಲ್ಲೋ ಕೆಳಗಿತ್ತು. ಯಾವ ಕಾಲೇಜೂ ಸಿಗುವಂತಿರಲಿಲ್ಲ. ಎಲ್ಲಿ ಎಡವಿದೆನೆಂದು ತಿಳಿಯಲೇಬೇಕೆಂದು ಹಟ ಹಿಡಿದಳು. ಶಂಕರಲಿಂಗ ತಮ್ಮ ಕಚೇರಿಯಲ್ಲಿ ಪ್ರಶ್ನೆಪತ್ರಿಕೆಯನ್ನು ಮೊಬೈಲು ಓದುವ ಹಾಗೆ ಟೈಪ್ ಮಾಡಿಸಿ, ಅಂದು ಸಂಜೆಯಷ್ಟೇ ಕಳಿಸಿಕೊಟ್ಟಿದ್ದರು.

"ಸುನಂದಾ, ಇಲ್ಲೆ ಬಾ."

ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ತಂಗಿ ಒಳಗೆ ಬಂದಳು. ಶೈಲಾ ಆ ವಾಕ್ಯವನ್ನು ಕೇಳಿಸಿದಳು.

"ಪರೀಕ್ಷಾದಾಗ ಇದನ್ನ ಓದಿದ್ದೇನು?"

"ಓದಿರಬೇಕು ತಗೋ. ಅಷ್ಟೆಲ್ಲಾ ನೆಪ್ಪ ಎಲ್ಲಿರ್ತೈತಿ?"

"ನನಗ ನೆಪ್ಪೈತಿ. ನೀ ಓದಿಲ್ಲ."

ಶೈಲಾ ಮುಂದಿನ ಪ್ಯಾರಾ ಹಚ್ಚಿದಳು. ಅದರಲ್ಲಿಯೂ ನಡುವಿನ ಸಾಲುಗಳು ಹೊಸವು. ಅದರ ಮುಂದಿನದು ಮೊದಲಿನಿಂದ ಕೊನೆಯವರೆಗೆ ಪರಿಚಯದ್ದೇ. ಸಣ್ಣ ಆಸೆಯೊಂದು ಮೂಡಿತು. ಲೆಕ್ಕದ ವಿಭಾಗ ಬಂದಾಗ ಅದೂ ಹೋಯಿತು. ಕೋಷ್ಟಕದ ಒಂದು ಇಡೀ ಸಾಲೇ ಅವಳಿಗೆ ಗೊತ್ತಿರಲಿಲ್ಲ. ಆ ಲೆಕ್ಕ ಹೊಂದದೆ ಅಂದು ಅವಳು ಬೆವರಿದ್ದಳು.

"ಸಾಕಕ್ಕಾ, ಬಂದ್ ಮಾಡು," ಎಂದು ಸುನಂದಾ ನೆಲಕ್ಕೆ ಕುಸಿದು ಕುಳಿತಳು. "ಭಾಳ ಉದ್ದ ಇದ್ವು. ನಡುನಡುವ ತೊಡಕಿನ ಶಬ್ದ ಬರ್ತಿದ್ವು. ತಪ್ಪು ಓದಿದ್ರ ನೀ 'ಚ್ಚ್' ಅಂತಿದ್ದಿ. ಅಲ್ಲೆ ನಿಂತಿದ್ದ ಮೇಡಂ ನನ್ನ ಕಡೇನ ನೋಡ್ತಿದ್ರು. ನಾಚಿಕಿ ಬಂತು. ಆಮ್ಯಾಲ ತೊಡಕ ಅನ್ನಿಸಿದ್ದು ಬಿಟ್ಟು ಮುಂದಿಂದ ಓದಿದ್ನಿ. ಟೈಮರೆ ಉಳೀತೈತಿ ಅಂತ…"

"ಎಷ್ಟ ಕಡೆ ಬಿಟ್ಟಿ?"

"ಗೊತ್ತಿಲ್ಲಕ್ಕಾ."

"ಚ್ಚ್ ಅಂದಿದ್ದು ನನ್ನ ತಪ್ಪು. ಆತು. ಹೊರಗ ಬಂದ ಮ್ಯಾಲ ಯಾಕ ಹೇಳ್ಲಿಲ್ಲ?"

ಸುನಂದಾ ಮೂಗು ಎಳೆದುಕೊಂಡಳು. "ಅವ್ವಗ ಹೇಳಿದ್ನಿ. ಮನಿಗೆ ಬಂದ ಕೂಡ್ಲೇನ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಫಲಿತಾಂಶದ ದಿನ ಶೈಲಾ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದಳು. "ನನ್ನ ತಲ್ಯಾಗ ಏನೂ ನಿಲ್ಲೂದಿಲ್ಲವ್ವಾ, ಸರ್ ಸುಮ್ಮನ ನನ್ನ ಮ್ಯಾಲ ಭರವಸಾ ಇಟ್ರು," ಎಂದಿದ್ದಳು. ಅವ್ವ ಸಂಗವ್ವ ಕೂದಲಲ್ಲಿ ಬೆರಳಾಡಿಸುತ್ತ, "ನಮ್ಮ ಹಣ್ಯಾಗ ಇಷ್ಟ ಬರದಿತ್ತು ಬಿಡು ಮಗಳ," ಎಂದಿದ್ದಳು. ಸುನಂದಾ ನೀರು ತಂದುಕೊಟ್ಟಿದ್ದಳು. ಆ ಹೊತ್ತಿಗೆ ಇಬ್ಬರಿಗೂ ಎಲ್ಲ ಗೊತ್ತಿತ್ತು.

ಸಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ನಾನ ಆಕೀಗೆ ಸುಮ್ಮ ಇರು ಅಂದ್ನಿ. ಆಗೂದು ಆಗಿತ್ತು. ಹೇಳಿದ್ರ ಮಾರ್ಕ್ಸ್ ಬರ್ತಿದ್ವೇನು? ಅಕ್ಕ ತಂಗಿ ಮಾರಿ ಮಾರಿ ನೋಡದಂಗ ಆಗಬಾರದು ಅಂತ ಅಂದ್ನಿ."

"ನಾ ದಡ್ಡಿ ಅಂತ ಅತ್ನೆಲ್ಲವ್ವಾ. ನಿನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ನಿ."

"ಅತ್ತಿ ಖರೆ. ನಿನಗೇನ್ ಗೊತ್ತು ನನ್ನ ಸಂಕಟ? ಗುರ್ತು ಪರಿಚಯ ಇಲ್ಲದ ಊರಾಗ ಐದ ವರ್ಷ ಒಬ್ಬಾಕೀನ ಹೆಂಗ ಇರ್ತಿದ್ದಿ? ಆಗಿದ್ದೆಲ್ಲಾ ಒಂದ ರೀತಿ ಒಳ್ಳೇದ…"

ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂದಿತು. ಯಾರೂ ಎದ್ದು ಹೋಗಲಿಲ್ಲ.

ಅಪ್ಪ ಹೊಳಬಸಪ್ಪ ಹಿಟ್ಟಿನ ಗಿರಣಿ ಮುಚ್ಚಿಕೊಂಡು ಬಂದಾಗ ಶೈಲಾ ತಾನೇ ಅವನಿಗೆ ಎಲ್ಲ ಹೇಳಿದಳು. "ನನಗೂ ಹೇಳ್ಲಿಲ್ಲಲ್ಲ ನೀವು," ಎಂದಷ್ಟೇ ಹೆಂಡತಿಗೆ ಅಂದು, ಊಟದ ತಾಟು ಪಕ್ಕಕ್ಕೆ ಸರಿಸಿದ.

ಶೈಲಾ ಬಾಗಲಕೋಟೆಯಲ್ಲಿ ಬಿ.ಎ.ಗೆ ಸೇರಿದಳು. ಹುನಗುಂದದ ಪಾಠವನ್ನು ಬಿಡಲಿಲ್ಲ. ಸುನಂದಾ ಎರಡು ಸಲ ತಪ್ಪಾಯಿತೆಂದು ಕೈ ಹಿಡಿದು ಅತ್ತಳು. ಶೈಲಾ "ಇರ್ಲಿ ಬಿಡು" ಎಂದಳು. ಹಾಗೆನ್ನುವುದು ಕಷ್ಟವೇನೂ ಆಗಲಿಲ್ಲ. ಮನೆಯಲ್ಲಿ ಮಾತುಕತೆ ಮೊದಲಿನಂತೆಯೇ ನಡೆಯಿತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸುನಂದಾ ಫಲಕ ಓದಿ, "ಬಾಗಲಕೋಟಿ ಗಾಡಿ ಬಂತಕ್ಕಾ" ಎಂದರೆ, ಶೈಲಾ ಹತ್ತುವ ಮೊದಲು ಕಂಡಕ್ಟರನನ್ನು ಕೇಳುತ್ತಿದ್ದಳು: "ಇದು ಬಾಗಲಕೋಟಿಗೆ ಹೋಗ್ತೈತೇನ್ರಿ?" ಸುನಂದಾ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಕಾಲೇಜಿಗೆ ಉಟ್ಟುಕೊಳ್ಳುವ ಸೀರೆಯ ಬಣ್ಣವನ್ನು ಅವ್ವ ಹೇಳಿದರೂ ಶೈಲಾ ಅದನ್ನೇ ಅಲ್ಲಿ ಗೆಳತಿಯರ ಬಾಯಿಂದ ಇನ್ನೊಮ್ಮೆ ಕೇಳಿ ತಿಳಿದುಕೊಳ್ಳುತ್ತಿದ್ದಳು. ಹೀಗೆ ಮಾಡಬೇಕೆಂದು ಅವಳೇನೂ ನಿಶ್ಚಯಿಸಿರಲಿಲ್ಲ. ತನ್ನಿಂದ ತಾನೇ ಹಾಗಾಗಿತ್ತು.

ಮತ್ತೆ ಅರ್ಜಿ ಹಾಕುವ ಕಾಲ ಬಂತು. "ಓದಾಕ ಯಾರನ್ನ ಕರಕೊಂಡ ಹೋಗ್ತಿ?" ಎಂದು ಶಂಕರಲಿಂಗ ಕೇಳಿದರು.

"ಪರೀಕ್ಷಾದವ್ರ ಯಾರನ್ನ ಕೊಡ್ತಾರೋ ಅವ್ರ ಆಗ್ಲಿ ಸರ್. ನನ್ನ ಗುರ್ತ ಇಲ್ಲದವ್ರ ಇರ್ಲಿ."

ಡಿಸೆಂಬರಿನ ಚಳಿಯಲ್ಲಿ ಅಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ಹೊರಡುವಾಗ ಸುನಂದಾ ಅಂಗಳದವರೆಗೆ ಬಂದು, ಬುತ್ತಿಯ ಗಂಟನ್ನು ಅವಳ ಕೈಗಿತ್ತು ನಿಂತಳು. ಏನೋ ಹೇಳಲು ಉಸಿರೆಳೆದುಕೊಂಡಿದ್ದು ಶೈಲಾಳಿಗೆ ಕೇಳಿಸಿತು. ಕಾಯ್ದಳು. ಅಷ್ಟರಲ್ಲಿ ಅಪ್ಪ ಕರೆದ.

ಪರೀಕ್ಷಾ ಕೇಂದ್ರದಲ್ಲಿ ಅವಳಿಗೆ ಓದಿ ಹೇಳಲು ಬಂದವಳು ಮಲಿಕಾ ಎಂಬ ಹುಡುಗಿ. ಕೈ ಮುಟ್ಟಿ ಹೆಸರು ಹೇಳುವಾಗಲೇ ಅವಳ ಬೆರಳು ತಣ್ಣಗಿದ್ದವು. ಮೂಲೆಯ ಕೋಣೆಯೊಂದರಲ್ಲಿ ಇಬ್ಬರನ್ನೇ ಕೂಡಿಸಿ, ಬಾಗಿಲಲ್ಲಿ ಮೇಲ್ವಿಚಾರಕರೊಬ್ಬರು ಕುಳಿತರು. ಮಲಿಕಾ ಓದತೊಡಗಿದಳು. ಇಂಗ್ಲಿಷ್ ವಿಭಾಗ ನಿಧಾನವಾಗಿಯೇ ಸಾಗಿತು. ಶೈಲಾ ಉತ್ತರ ಹೇಳುತ್ತ ಹೋದಳು. ಆದರೆ ಪ್ರತಿ ಪ್ಯಾರಾ ಮುಗಿದಾಗಲೂ ಅವಳ ಕಿವಿ ಸಾಲು ಸಾಲಿನ ನಡುವೆ ಏನಾದರೂ ಜಾರಿತೇ ಎಂದು ತಡಕಾಡುತ್ತಿತ್ತು. ಹೊತ್ತು ಹೋಗುತ್ತಿತ್ತು.

ಕಾನೂನು ತರ್ಕದ ಮೊದಲ ಪ್ಯಾರಾದ ನಡುವೆ ಮಲಿಕಾ ತಟ್ಟನೆ ನಿಂತಳು. ಶೈಲಾ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಅಕ್ಕಾ," ಮಲಿಕಾ ದನಿ ತಗ್ಗಿಸಿದಳು, "ಇದೊಂದ ಶಬ್ದ ಭಾಳ ಉದ್ದ ಐತಿ. ನನಗ ಓದಾಕ ಬರವಲ್ದು. ಒಂದೊಂದ ಅಕ್ಷರ ಹೇಳ್ಲೇನ್ರಿ?"

ಶೈಲಾ ಮೇಜಿನ ಅಂಚಿನಿಂದ ಕೈ ತೆಗೆದಳು. "ಹೇಳವಾ," ಎಂದಳು.

"ಎನ್… ಒ… ಟಿ… ಡಬ್ಲ್ಯು… ಐ…"

ಅಷ್ಟಕ್ಕೇ ಶೈಲಾಳಿಗೆ ಅದು 'ನಾಟ್‌ವಿತ್‌ಸ್ಟ್ಯಾಂಡಿಂಗ್', ಅಂದರೆ 'ಹಾಗಿದ್ದರೂ' ಎಂಬ ಶಬ್ದವೆಂದು ತಿಳಿದುಹೋಯಿತು. ಆದರೂ ತಡೆಯಲಿಲ್ಲ. ಕಾಗದದ ಮೇಲೆ ಹುಡುಗಿಯ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯುವ ಸದ್ದು, ಕೊನೆಯ ಅಕ್ಷರ ಮುಗಿಯುವವರೆಗೂ, ಅವಳಿಗೆ ಕೇಳಿಸುತ್ತಲೇ ಇತ್ತು.