ತೊಂಬತ್ತು ರೂಪಾಯಿಯ ಸುಣ್ಣ

ವಿಮೆಯ ಕಂತು ವರ್ಷಕ್ಕೆ ಇನ್ನೂರ ಎಂಬತ್ತು ರೂಪಾಯಿ. ಪ್ರವಾಹ ಬಂದರೆ ಅರವತ್ತು ಸಾವಿರದವರೆಗೆ ಪರಿಹಾರ. ಬಾಗಿಲಿಗೆ ಅಡ್ಡ ಪೇರಿಸಿದ ನಲವತ್ತು ಮರಳು ಮೂಟೆಗೆ ಕೂಲಿ ಸೇರಿ ಮುನ್ನೂರು. ಸುಣ್ಣ, ನೀಲಿಗೆ ತೊಂಬತ್ತು. ಹೊಳೆನರಸೀಪುರದ ಹೊಳೆದಂಡೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಬೆಟ್ಟಮ್ಮನಿಗೆ ೧೯೯೪ರಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಈ ತೊಂಬತ್ತು ರೂಪಾಯಿ.

ಗಂಡ ತೀರಿದ ಮೇಲೆ ಅವಳನ್ನೂ ಮಗಳು ಸ್ನೇಹಲತಾಳನ್ನೂ ಸಾಕಿದ್ದು ಆ ಗಿರಣಿ. ಆಗಸ್ಟ್ ಕೊನೆಗೆ ಹೇಮಾವತಿ ಉಕ್ಕಿ, ಮರಳು ಮೂಟೆಗಳನ್ನು ದಾಟಿ ಒಳಗೆ ಎದೆಮಟ್ಟ ನಿಂತಳು. ಎರಡು ದಿನದ ಮೇಲೆ ನೀರು ಇಳಿದಾಗ ಮೋಟಾರಿನ ತುಂಬ ಕೆಸರು, ಮಣ್ಣಿನ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು.

ವಿಮೆಯವರಿಗೆ ಕಾಗದ ಹಾಕಿಸಿದಳು. ಅವರು ಬರಲಿಲ್ಲ, ಗೌರಿ ಹಬ್ಬ ಬಂತು. ಪ್ರತಿ ವರ್ಷ ಗೌರಿಯನ್ನು ಕೂರಿಸುತ್ತಿದ್ದದ್ದು ಗಿರಣಿಯಲ್ಲೇ. ತಾಯಿ ಮಗಳು ಕೆಸರು ಬಳಿದು ಹೊಳೆಗೆ ಚೆಲ್ಲಿದರು, ಬಿರುಕಿಗೆ ಜೇಡಿಮಣ್ಣು ಮೆತ್ತಿದರು, ಮೇಲೆ ಎರಡು ಕೋಟು ಸುಣ್ಣ ಹೊಡೆದರು.

ಪಕ್ಕದ ಸೈಕಲ್ ಅಂಗಡಿ ಸಣ್ಣಯ್ಯ ನಕ್ಕ. "ಏನಕ್ಕಯ್ಯಾ, ಇನ್ಸೂರೆನ್ಸ್‌ನೋರು ಎಣ್ಣು ನೋಡಕ್ ಬತ್ತಾರಾ, ಇಂಗ್ ಸಿಂಗಾರ ಮಾಡೀಯ?"

"ಸುಮ್ಕಿರ್ಲಾ. ಕೆಸರಾಗೆ ಗೌರಮ್ಮನ್ನ ಕೂರ್ಸಕಾಯ್ತದಾ?"

ಗಣೇಶನ ಹಬ್ಬದ ಮರುದಿನ ಹಾಸನದಿಂದ ವಿಮೆಯ ಸರ್ವೇಯರ್ ಕೇದಾರ್ ಬಂದ. ಟೇಪು, ಕ್ಯಾಮೆರಾ ತೆಗೆದು ಬಿಳೀ ಗೋಡೆ ನೋಡುತ್ತ ನಿಂತ.

"ನೀರು ಎಲ್ಲೀವರೆಗೆ ಬಂದಿತ್ತಮ್ಮಾ?"

"ಇಲ್ಲಿಗಂಟ ಸಾ," ಎಂದು ಎದೆ ಮುಟ್ಟಿ ತೋರಿಸಿದಳು.

"ಗುರುತು?"

ಬೆಟ್ಟಮ್ಮ ಕುಡುಗೋಲು ತಂದು ಸುಣ್ಣ ಕೆರೆದಳು. ಹಸಿ ಮಣ್ಣು ಉದುರಿತೇ ಹೊರತು ನೀರು ನಿಂತ ಗೆರೆ ಸಿಗಲಿಲ್ಲ.

"ಬಿಡೀಮ್ಮಾ, ಕೆರೀಬೇಡಿ. ನೀವು ಹೇಳಿದ್ದು ನಾನು ನಂಬ್ತೀನಿ. ಆಫೀಸ್ನೋರು ಫೋಟೋ ಕೇಳ್ತಾರೆ. ತೊಳೆಯೋಕೆ ಮುಂಚೆ ಒಂದು ತೆಗೆಸಿದ್ರೆ ಸಾಕಾಗಿತ್ತು."

ಫೋಟೋ ಸ್ಟುಡಿಯೋ ಮೂರು ಅಂಗಡಿ ಆಚೆಗಿತ್ತು.

ಕೇದಾರ್ ಕಣ್ಣಿಗೆ ಕಂಡ ಮೋಟಾರಿನ ತುಕ್ಕನ್ನು ಬರೆದುಕೊಂಡ. ಗೋಡೆಯ ಕಾಲಂನಲ್ಲಿ 'ಸುಸ್ಥಿತಿ' ಎಂದು ಬರೆದ. ಬರೆಯುವಾಗ ಅವಳ ಮುಖ ನೋಡಲಿಲ್ಲ.

ದೀಪಾವಳಿಗೆ ಮುಂಚಿನ ಮಳೆಗೆ ಆ ಗೋಡೆ ಗಿರಣಿಯ ಯಂತ್ರದ ಮೇಲೆಯೇ ಕುಸಿಯಿತು. ಬೀಸುವ ಕಲ್ಲು ಎರಡು ಹೋಳಾಯಿತು. ವಿಮೆಯಿಂದ ಬಂದದ್ದು ಮೋಟಾರಿಗೆಂದು ಸಾವಿರದ ನಾನೂರು ರೂಪಾಯಿ. ಗಿರಣಿ ಹೋಯಿತು. ಸ್ನೇಹಲತಾ ಹತ್ತನೇ ತರಗತಿಗೆ ಹೋಗಲಿಲ್ಲ. ಬೆಟ್ಟಮ್ಮ ಪೇಟೆಯಲ್ಲಿ ಬೇರೆಯವರ ಗಿರಣಿಯಲ್ಲಿ ದಿನಗೂಲಿಗೆ ಹಿಟ್ಟು ಹಿಡಿಯಲು ಸೇರಿದಳು.