ಗೋಡೆಯ ಹೊಟ್ಟೆಗೆ ಹೋದ ಕಲ್ಲು

ಆಗಸ್ಟ್ ತಿಂಗಳು, ದಕ್ಷಿಣ ಬ್ರೆಜಿಲ್ಲಿನ ಚಳಿಗಾಲ. ನೆರಳಿನ ಹುಲ್ಲಿನ ಮೇಲೆ ಬೆಳಗಿನ ಹಿಮ ಹತ್ತು ಗಂಟೆಯಾದರೂ ಕರಗದೆ ಬಿಳಿಯಾಗಿ ಬಿದ್ದಿರುವ ಕಾಲ. ಹದಿನಾಲ್ಕನೇ ಸಾಲು ಎಂಬ ಊರಿನ ತೋಟಗಳಲ್ಲಿ ದ್ರಾಕ್ಷಿಬಳ್ಳಿ ಸವರುವ ಕೆಲಸ ಅರ್ಧಕ್ಕೆ ಬಂದಿತ್ತು. ಉಳಿಸಿಕೊಂಡ ಕುಡಿಗಳನ್ನು ತಂತಿಗೆ ಕಟ್ಟಲು ಹೊಳೆದಂಡೆಯಿಂದ ಕೊಯ್ದು ತಂದ ಬಳುಕುವ ಕಡ್ಡಿಗಳು ಪ್ರತಿ ಮನೆಯ ತೊಟ್ಟಿಯಲ್ಲೂ ನೆನೆಯುತ್ತಿದ್ದವು. ಆದರೆ ಶನಿವಾರ ಬಂತೆಂದರೆ ಮನೆಗೊಬ್ಬರಂತೆ ತೋಟದ ಕತ್ತರಿ ಕೆಳಗಿಟ್ಟು, ಮಚ್ಚು ಗುದ್ದಲಿ ಹಿಡಿದು ಗುಡ್ಡ ಹತ್ತುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ಹಳೆಯ ಗೋರಿಸ್ಥಳವಿತ್ತು.

ಇಟಲಿಯಿಂದ ಹಡಗು ಹತ್ತಿ ಬ್ರೆಜಿಲ್ಲಿನ ಈ ಬೆಟ್ಟಕ್ಕೆ ಬಂದ ಅಜ್ಜ ಮುತ್ತಜ್ಜಂದಿರೆಲ್ಲ ಮಲಗಿದ್ದದ್ದು ಅಲ್ಲೇ. ಕೆಳಗೆ ಟಾರು ರಸ್ತೆಯ ಪಕ್ಕ ದೊಡ್ಡ ಇಗರ್ಜಿ ಎದ್ದು, ಅದರ ಹಿಂದೆ ಹೊಸ ಗೋರಿಸ್ಥಳ ಆದ ಮೇಲೆ ಮೇಲಿನದನ್ನು ಕೇಳುವವರಿರಲಿಲ್ಲ. ಮುಳ್ಳುಪೊದೆ ಆಳೆತ್ತರ ಬೆಳೆದಿತ್ತು. ಕಮ್ಮಾರ ಸುರುಳಿ ಬಿಡಿಸಿ ಬಡಿದ ಕಬ್ಬಿಣದ ಶಿಲುಬೆಗಳು ತುಕ್ಕು ಹಿಡಿದು ವಾಲಿದ್ದವು. ಮೂರು ಕಡೆ ಗೋಡೆ ಬಿದ್ದು ದನ ಮಲಗುವ ಜಾಗವಾಗಿತ್ತು. ನವೆಂಬರ್ ಎರಡಕ್ಕೆ, ಸತ್ತವರ ದಿನದಂದು, ಬಿಷಪ್ಪರೇ ಬಂದು ಮಂತ್ರಜಲ ಚಿಮುಕಿಸುವುದೆಂದು ಗೊತ್ತಾದ ಮೇಲೆ ಊರು ಎದ್ದು ಕೂತಿತ್ತು.

ಗೋಡೆಯ ಕೆಲಸ ಇದಾಲಿನೊ ಸ್ಕೋಪೆಲ್‌ನ ಪಾಲಿಗೆ ಬಂದಿತ್ತು. ಅರವತ್ತೇಳು ವರ್ಷದ ಇದಾಲಿನೊ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಎಬ್ಬಿಸುವವರಲ್ಲಿ ಆ ಕಡೆಗೆಲ್ಲ ಕೊನೆಯವನು. ಮುತ್ತಜ್ಜ ಕಟ್ಟಿದ ಗೋಡೆಯನ್ನು ಮರಿಮೊಮ್ಮಗ ಎತ್ತಿ ನಿಲ್ಲಿಸುತ್ತಿದ್ದ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು, ನಡುವಿನ ಹೊಟ್ಟೆಗೆ ಚೂರು ಕಲ್ಲು. ಮೂರು ಮೊಳಕ್ಕೊಂದರಂತೆ ಎರಡು ಮುಖವನ್ನೂ ಹಿಡಿಯುವ ಉದ್ದ ಕಲ್ಲು. ಪೊದೆ ಸವರುವವರು ಸಿಕ್ಕ ಕಲ್ಲನ್ನೆಲ್ಲ ತಂದು ಅವನ ಪಕ್ಕ ರಾಶಿ ಹಾಕುತ್ತಿದ್ದರು. ಅವನು ಕಣ್ಣಿಗಿಂತ ಕೈಯಿಂದ ನೋಡುತ್ತಿದ್ದ. ಕೈಗೆ ಬಂದ ಕಲ್ಲು ಎಲ್ಲಿಗೆ ಹೋಗಬೇಕೆಂದು ಕೈಗೇ ಗೊತ್ತಿತ್ತು.

ಆ ಶನಿವಾರದ ಹೊತ್ತಿಗೆ ಪೂರ್ವದ ಗೋಡೆಯೂ ಎದೆಮಟ್ಟಕ್ಕೆ ಬಂದಿತ್ತು. ನಡುಹಗಲಲ್ಲಿ ಬೆಂಕಿಯ ಸುತ್ತ ಕೂತು, ತಣ್ಣಗಾಗಿದ್ದ ಮೆಕ್ಕೆಜೋಳದ ಪೊಲೆಂತಾ ಮುದ್ದೆಯನ್ನು ಹೋಳು ಮಾಡಿ ಕೆಂಡದ ಮೇಲೆ ಸುಡುತ್ತಿದ್ದರು. ಕಹಿ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು.

"ಏನೇ ಹೇಳು ಕೊಂಪಾರೆ, ನಿನ್ನ ಗೋಡೆ ನಿನ್ನಷ್ಟೇ ನಿಧಾನ," ಎಂದ ಹಳೆಯ ಗೆಳೆಯ ದೆಲ್ಸೀರ್ ತೆಸ್ಸಾರೊ. ಇಗರ್ಜಿಯ ಉಸ್ತುವಾರಿ ಅವನದೇ. ಅಂಗಿಯ ಜೇಬಿನಲ್ಲಿ ಸದಾ ಒಂದು ಪಟ್ಟಿ. "ಬಿಷಪ್ಪರು ಬರೋದು ಈ ವರ್ಷ. ನೆನಪಿದೆಯಲ್ಲ?"

"ನಿನ್ನ ನಾಲಿಗೆ ಓಡಿದ ಹಾಗೆ ನನ್ನ ಕೈ ಓಡಿದ್ರೆ ಗೋಡೆ ನಾಳೇನೇ ಬೀಳ್ತದೆ," ಎಂದ ಇದಾಲಿನೊ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಕಾರ್ಮೆಲಿಂದಾ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು. ಎಂಬತ್ತಾರರ ಮುದುಕಿ. ಊರಿಗೆಲ್ಲ ಆಮಿಯಾ, ಎಲ್ಲರಿಗೂ ಚಿಕ್ಕಮ್ಮ. ಎದುರಿಗೇ ಬಾಗಿಲಿದ್ದರೂ ಆಕೆ ಅತ್ತ ಬರದೆ ಗೋಡೆಯನ್ನು ಸುತ್ತಿ ಹೊರಬದಿಯಲ್ಲೇ ಪೂರ್ವಕ್ಕೆ ನಡೆದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಜ್ಞಾನಸ್ನಾನ ಆಗದೆ ಸತ್ತ ಕೂಸುಗಳಿಗೆ ಗೋಡೆಯ ಒಳಗೆ ಜಾಗವಿಲ್ಲದ ಕಾಲವೊಂದಿತ್ತು. ಹೊರಗೆ, ಪೂರ್ವದ ಇಳಿಜಾರಿನಲ್ಲಿ, ಹೆಸರಿಲ್ಲದೆ ಮಣ್ಣು ಮಾಡುತ್ತಿದ್ದರು. ಪ್ರತಿ ಸತ್ತವರ ದಿನ ಊರೆಲ್ಲ ಒಳಗೆ ಮಂಡಿಯೂರಿದ್ದರೆ ಕೆಲವು ಹೆಂಗಸರು ಹೊರಗೆ ನಿಂತು, ಗಾಳಿಗೆ ಆರುವ ಮೇಣದಬತ್ತಿಗೆ ಶಾಲು ಮರೆಮಾಡಿ ಮತ್ತೆ ಮತ್ತೆ ಹಚ್ಚುತ್ತಿದ್ದುದನ್ನು ಇದಾಲಿನೊ ಚಿಕ್ಕಂದಿನಲ್ಲಿ ಕಂಡಿದ್ದ. ಅವರಲ್ಲಿ ಈಗ ಉಳಿದವಳು ಈಕೆಯೊಬ್ಬಳೇ.

ಮುದುಕಿ ನೆಲ ನೋಡುತ್ತ ಅತ್ತಿಂದಿತ್ತ ತಿರುಗುವುದು ಕಂಡಿತು. ಇದಾಲಿನೊ ಎದ್ದು ಹೋದ.

"ಇಲ್ಲೊಂದು ಕಲ್ಲಿತ್ತಲ್ಲೋ ಇದಾಲಿನ್," ಎಂದಳು. "ಹೊಳೆಕಲ್ಲು. ಗುಂಡಗೆ, ರೊಟ್ಟಿಯಷ್ಟು. ಮೈಮೇಲೊಂದು ಬಿಳೀ ಗೆರೆ."

ಇದಾಲಿನೊನ ಕೈಗೆ ಆ ಕಲ್ಲು ನೆನಪಾಯಿತು. ಅದರ ನುಣುಪು, ಅದರ ತಣ್ಣನೆ, ಎಲ್ಲವೂ. ಹೋದ ಶನಿವಾರ ರಾಶಿಯಿಂದ ಎತ್ತಿ, ಗುಂಡುಕಲ್ಲು ಮುಖಕ್ಕೆ ನಿಲ್ಲುವುದಿಲ್ಲವೆಂದು ಗೋಡೆಯ ಹೊಟ್ಟೆಗೆ ಹಾಕಿ, ಸುತ್ತ ಚೂರು ತುಂಬಿದ್ದ. ಗುಡ್ಡದ ನೆತ್ತಿಗೆ ಹೊಳೆಯ ಕಲ್ಲು ಹೇಗೆ ಬಂತು ಎಂದು ಒಂದು ಗಳಿಗೆಯೂ ಕೇಳಿಕೊಂಡಿರಲಿಲ್ಲ.

"ಪೊದೆ ಸವರುವಾಗ ಕೆಳಗೆ ಉರುಳಿರಬೇಕು ಆಮಿಯಾ. ಹುಡುಕಿಸ್ತೀನಿ," ಎಂದ.

ಆಕೆ ಅವನ ಮುಖ ನೋಡಿದಳು. "ಹುಡುಕ್ಸಪ್ಪ. ಕಲ್ಲು ಹೋದ್ರೆ ಜಾಗ ಹೋಯ್ತು. ನನಗೆ ಇನ್ನೇನೂ ಗುರುತಿಲ್ಲ," ಎಂದು ಕೋಲೂರಿ ಇಳಿದು ಹೋದಳು.

ಅಂದು ಇದಾಲಿನೊಗೆ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದು ಒಂದು. ಹೇಳಿದ್ದು ಯಾರಿಗೆ ಎಂಬುದು ಇನ್ನೊಂದು. ಅವನು ಹುಟ್ಟಿದಾಗ ಅವನ ತಾಯಿಗೆ ಜ್ವರ ಬಂದು ಹಾಲು ಬತ್ತಿತ್ತು. ಅದಕ್ಕೆ ಹನ್ನೊಂದು ದಿನ ಮೊದಲು ಕಾರ್ಮೆಲಿಂದಾಳ ಚೊಚ್ಚಲ ಕೂಸು ತೀರಿಕೊಂಡಿತ್ತು. ಏಳು ತಿಂಗಳು ಅವನು ಕುಡಿದದ್ದು ಆ ಕೂಸಿನ ಪಾಲಿನ ಹಾಲು. ಆ ಕೂಸಿನ ಮೇಲಿದ್ದ ಕಲ್ಲನ್ನೇ ಗೋಡೆಗೆ ತುಂಬಿ, ಆಕೆಯ ಎದುರಿಗೇ ನಿಂತು ಉರುಳಿಹೋಗಿರಬೇಕು ಎಂದಿದ್ದ.

ಸೋಮವಾರ ಬೆಳಿಗ್ಗೆ ಬಳ್ಳಿ ಕಟ್ಟುವ ಕೆಲಸವನ್ನು ಮಗಳಿಗೆ ಬಿಟ್ಟು ಅವನೊಬ್ಬನೇ ಗುಡ್ಡ ಹತ್ತಿದ. ಪೂರ್ವದ ಗೋಡೆಯ ಮೇಲುಗಲ್ಲುಗಳನ್ನು ಒಂದೊಂದಾಗಿ ಇಳಿಸತೊಡಗಿದ. ಕಟ್ಟುವಾಗ ಕೈ ಕಲ್ಲಿನೊಂದಿಗೆ ಮಾತಾಡುತ್ತದೆ; ಕೆಡವುವಾಗ ಅದು ಸುಮ್ಮನಿರುತ್ತದೆ. ಒಂದು ಮಾರು ಕೆಡವಿದರೂ ಸಿಗಲಿಲ್ಲ. ಎರಡನೆಯ ಮಾರು ಅರ್ಧ ಬಿಚ್ಚುವಾಗ ಕೆಳಗಿನಿಂದ ದೆಲ್ಸೀರ್‌ನ ಪಿಕಪ್ಪು ಏದುಸಿರು ಬಿಡುತ್ತ ಹತ್ತಿ ಬಂತು.

"ಬುದ್ಧಿ ನೆಟ್ಟಗಿದೆಯಾ ನಿಂಗೆ?" ದೆಲ್ಸೀರ್ ಇಳಿಯುವ ಮೊದಲೇ ಕೂಗಿದ. "ನಿಂತ ಗೋಡೆ ಕೆಡವ್ತಾ ಇದ್ದೀಯಲ್ಲ!"

ಇದಾಲಿನೊ ಕೈ ನಿಲ್ಲಿಸದೆ ಎಲ್ಲ ಹೇಳಿದ. ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ.

"ಸರಿ, ಒಂದು ಕಲ್ಲು ತಾನೇ. ಹೊಳೆಯಲ್ಲಿ ಅಂಥವು ಸಾವಿರ ಇವೆ. ಒಂದು ತಂದಿಟ್ರೆ ಆ ಮುದುಕಿ ಕಣ್ಣಿಗೆ ಗೊತ್ತಾಗ್ತದಾ?"

"ನನ್ನ ಕೈಗೆ ಗೊತ್ತಾಗ್ತದೆ."

"ನಿನ್ನ ಕೈ ನೋಡೋಕೆ ಬಿಷಪ್ಪರು ಬರ್ತಿಲ್ಲ ಮಾರಾಯ."

"ಇನ್ನೊಂದು ಮಾತು ಕೇಳು, ದೆಲ್ಸೀರ್." ಇದಾಲಿನೊ ಬೆನ್ನು ನೆಟ್ಟಗೆ ಮಾಡಿದ. "ಈ ಕಡೆ ಗೋಡೆಯನ್ನ ನಾನು ಹಳೇ ಗೆರೆ ಮೇಲೆ ಮತ್ತೆ ಕಟ್ಟಲ್ಲ. ಹೊರಗೆ ತಗೊಂಡು ಹೋಗ್ತೀನಿ. ಇಳಿಜಾರಿನಲ್ಲಿರೋ ಕೂಸುಗಳೆಲ್ಲ ಒಳಗೆ ಬರೋ ಹಾಗೆ."

ದೆಲ್ಸೀರ್ ಜೇಬಿನ ಪಟ್ಟಿ ಮುಟ್ಟಿಕೊಂಡ. "ಹಳೇದು ಹೇಗಿತ್ತೋ ಹಾಗೆ ಅಂತ ಸಭೆಯಲ್ಲಿ ಒಪ್ಪಿದ್ದೀವಿ. ನೂರೈವತ್ತು ವರ್ಷದ ಗೆರೆ ಅದು. ನಿನಗೆ ಬೇಕಾದ ಹಾಗೆ ಎಳೆಯೋಕೆ ನಿನ್ನ ತೋಟದ ಬೇಲಿಯಾ?"

"ನಿಮ್ಮಮ್ಮನೂ ಈ ಗೋಡೆ ಸುತ್ತಿಯೇ ಬರ್ತಿದ್ರು. ಮರೆತ್ಯಾ?"

ದೆಲ್ಸೀರ್ ಇಳಿಜಾರಿನತ್ತ ನೋಡಿದ, ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಅಷ್ಟು ಕಲ್ಲು ಎಲ್ಲಿಂದ ತರ್ತೀಯ?" ಎಂದಷ್ಟೇ ಕೇಳಿದ.

"ನನ್ನ ತೋಟದ ಕೆಳಗಿನ ಗೋಡೆ ಇದೆಯಲ್ಲ."

"ಅದು ನಿಮ್ಮಪ್ಪ ಕಟ್ಟಿದ್ದು."

"ಹೌದು. ಚೆನ್ನಾಗಿರೋ ಕಲ್ಲು."

ದೆಲ್ಸೀರ್ ಪಿಕಪ್ಪು ಹತ್ತಿ ಹೋದ. ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ, ಮೂರನೆಯ ಮಾರಿನ ಬುಡದಲ್ಲಿ, ಚೂರುಗಳ ನಡುವೆ ಬಿಳೀ ಗೆರೆ ಕಂಡಿತು.

ಮರುದಿನ ಇದಾಲಿನೊ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಕಾರ್ಮೆಲಿಂದಾಳ ಮನೆಗೆ ಹೋದ. ಆಕೆ ಒಲೆಯ ಮುಂದೆ ಕೂತು ಬೀನ್ಸ್ ಆರಿಸುತ್ತಿದ್ದಳು. ಕಲ್ಲನ್ನು ಮೇಜಿನ ಮೇಲಿಟ್ಟ.

"ಉರುಳಿರಲಿಲ್ಲ ಆಮಿಯಾ. ನಾನೇ ಗೋಡೆಗೆ ಹಾಕಿದ್ದೆ. ಮೊನ್ನೆ ನಿನಗೆ ಹೇಳಿದ್ದು ಸುಳ್ಳು."

"ಗೊತ್ತಿತ್ತು," ಎಂದಳು ಮುದುಕಿ. "ಚಿಕ್ಕೋನಿದ್ದಾಗಿಂದ್ಲೂ ಅಷ್ಟೇ. ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗ್ತದೆ." ಬೆರಳಿನಿಂದ ಬಿಳೀ ಗೆರೆಯ ಮೇಲೆ ಒಮ್ಮೆ ಎಳೆದಳು. "ಕೂಸು ಒಂದು ಸಲ ಅತ್ತಿತು. ಸೂಲಗಿತ್ತಿ ಇನ್ನೂ ಬಂದಿರಲಿಲ್ಲ. ಜ್ಞಾನಸ್ನಾನ ಮಾಡಿಸೋಕೆ, ತಲೆ ಮೇಲೆ ಹೊಯ್ಯೋಕೆ ನೀರು ಅಂತ ನನ್ನ ಗಂಡ ಆಲ್ಬೀನೊ ಬಿಂದಿಗೆ ಹಿಡಿದು ಹೊಳೆಗೆ ಓಡಿದ. ಮನೆಯಲ್ಲಿ ಕೊಡದ ತುಂಬ ನೀರಿತ್ತು ಕಣೋ. ಗಾಬರಿಯಲ್ಲಿ ಕಾಣಲಿಲ್ಲ ಅವನಿಗೆ. ವಾಪಸು ಬರೋದರೊಳಗೆ ಮುಗಿದಿತ್ತು. ಮಾರನೇ ದಿನ ಅದೇ ಹೊಳೆಗೆ ಹೋಗಿ ಈ ಕಲ್ಲು ತಂದ. ಸಾಯೋವರೆಗೂ ಆ ಕೊಡದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ."

ಇದಾಲಿನೊ ಕಲ್ಲನ್ನು ಮತ್ತೆ ಗೋಣಿಯಲ್ಲಿ ಸುತ್ತಿದ.

"ಜಾಗ ಗೊತ್ತಾ ಆಮಿಯಾ?"

"ಕಣ್ಣಿಗೆ ಗುರುತಿಲ್ಲ, ಲೆಕ್ಕ ನೆನಪಿದೆ. ಮೂಲೆಯ ಪೈನ್ ಮರದ ಬುಡದಿಂದ ನೇರ ಕೆಳಕ್ಕೆ ಹದಿನೇಳು ಹೆಜ್ಜೆ. ಆಲ್ಬೀನೊ ಹಾಕಿದ ಹೆಜ್ಜೆ, ನಾನು ಎಣಿಸಿದ್ದು."

ಇಬ್ಬರೂ ಗುಡ್ಡಕ್ಕೆ ಹೋದರು. ಇದಾಲಿನೊ ಮರದ ಬುಡಕ್ಕೆ ಬೆನ್ನುಕೊಟ್ಟು ನಿಂತು ಹದಿನೇಳು ಹೆಜ್ಜೆ ನಡೆದ.

"ಇಲ್ಲಲ್ಲ," ಎಂದಳು ಮುದುಕಿ. "ಇಷ್ಟು ದೂರ ಇರಲಿಲ್ಲ."

"ಆಲ್ಬೀನೊ ನನಗಿಂತ ಉದ್ದ ಇದ್ದ. ಅವನ ಹೆಜ್ಜೆ ಇನ್ನೂ ದೊಡ್ಡದಿರಬೇಕಲ್ಲ."

"ಅವನ ಕೈಯಲ್ಲಿ ಕೂಸಿನ ಪೆಟ್ಟಿಗೆ ಇತ್ತು. ಹಾಗೆ ಹೊತ್ತವನು ನಿನ್ನ ಹಾಗೆ ಬೀಸಾಗಿ ನಡೀತಾನೇನೋ?"

ಇದಾಲಿನೊ ಮತ್ತೆ ಮರದ ಬುಡಕ್ಕೆ ಬಂದ. ಈ ಸಲ ಗೋಣಿ ತೆಗೆದು ಕಲ್ಲನ್ನು ಎರಡೂ ಕೈಯಲ್ಲಿ ಎದೆಗಾನಿಸಿ ಹಿಡಿದ. ಒಂದು ಹೆಜ್ಜೆ ಇಟ್ಟ. ಮುದುಕಿ ಕೋಲಿನಿಂದ ನೆಲ ತಟ್ಟುತ್ತ ಎಣಿಸಿದಳು. ಇಳಿಜಾರಿನಲ್ಲಿ ಕಾಲು ಜಾರದ ಹಾಗೆ, ಹೊತ್ತದ್ದು ಅಲುಗದ ಹಾಗೆ ನಡೆಯುವಾಗ ಹೆಜ್ಜೆ ತಾನಾಗಿ ಸಣ್ಣದಾಯಿತು. ಹದಿನೇಳಕ್ಕೆ ಆಕೆಯ ದನಿ ನಿಂತಿತು. ಅಲ್ಲಿ ನೆಲ ಅಂಗೈಯಷ್ಟು ತಗ್ಗಿತ್ತು. ತಗ್ಗಿನಲ್ಲಿ ಹುಲ್ಲು ಬೆಳೆದಿರಲಿಲ್ಲ. ಕಲ್ಲು ಕೂತಿದ್ದ ಗುರುತು. ಅದರೊಳಗೆ ಕಲ್ಲು ಸರಿಯಾಗಿ ಕೂತಿತು.

ಇದಾಲಿನೊ ಮಂಡಿಯಿಂದ ಏಳಲಿಲ್ಲ. "ಗೋಡೆಯನ್ನ ಈಚೆ ತರ್ತೀನಿ ಆಮಿಯಾ. ಇವನು ಒಳಗಿರ್ತಾನೆ. ನಿನ್ನ ಹಾಲಿನ ಋಣ ನನ್ನ ಮೇಲಿದೆ. ಅದರಲ್ಲಿ ಇಷ್ಟಾದರೂ ತೀರಲಿ."

"ಯಾವ ಋಣನೋ?" ಮುದುಕಿ ರೇಗಿದಳು. "ಎದೆ ಕಲ್ಲಾಗಿತ್ತು ನಂಗೆ. ಹಿಂಡಿ ನೆಲಕ್ಕೆ ಚೆಲ್ತಿದ್ದೆ, ಕಿರುಚ್ತಿದ್ದೆ. ಹತ್ತೊಂಬತ್ತು ವರ್ಷ ನಂಗೆ. ನಿಮ್ಮಮ್ಮ ನಿನ್ನನ್ನ ತಂದು ಮಡಿಲಿಗೆ ಹಾಕದೆ ಇದ್ದಿದ್ರೆ ನಾನೂ ಹೊಳೆಗೇ ಹೋಗ್ತಿದ್ದೆ. ನೀನು ಕುಡಿದೆ, ನಾನು ಬದುಕಿದೆ. ಋಣ ನಂದು. ಅರವತ್ತೇಳು ವರ್ಷ ಆಯ್ತು, ಹೇಳೋಕೆ ಬಾಯಿ ಬರಲಿಲ್ಲ."

ಗಾಳಿ ಬೀಸಿ ಪೈನ್ ಮರದ ಒಣ ರೆಂಬೆಯೊಂದು ಕೆಳಗೆ ಬಿತ್ತು. ಆಕೆ ಅತ್ತ ತಿರುಗಿ ನೋಡಿ ಕೇಳಿದಳು: "ಗೋಡೆ ಹೊರಗೆ ತಂದ್ರೆ ಪಾದ್ರಿ ಏನಂತಾರೆ?"

"ಅವರಿಗೆ ಗೋಡೆ ಕಟ್ಟೋಕೆ ಬರಲ್ಲ."

ಮುಂದಿನ ಶನಿವಾರ ಇದಾಲಿನೊ ತನ್ನ ತೋಟದ ಕಲ್ಲು ಹೇರಿಕೊಂಡು ಬಂದಾಗ ಇಳಿಜಾರಿನಲ್ಲಿ ಆಗಲೇ ಒಂದು ರಾಶಿ ಬಿದ್ದಿತ್ತು. ತಂದು ಸುರಿದವನು ದೆಲ್ಸೀರ್. ಇನ್ನೂ ನಾಲ್ಕು ಮನೆಯವರು ಕಲ್ಲು ತಂದರು. ಪೊದೆಯ ಬುಡದಲ್ಲಿ ಇನ್ನೂ ಎಷ್ಟು ತಗ್ಗುಗಳಿವೆಯೋ ನೋಡಿಕೊಂಡು ಇದಾಲಿನೊ ಗೋಡೆಯ ಹೊಸ ಗೆರೆಗೆ ಹಗ್ಗ ಎಳೆದ. ನೇರ ಬಂದ ಗೋಡೆ ಪೂರ್ವಕ್ಕೆ ತಿರುಗಿದಲ್ಲಿ ಉಬ್ಬಿ ಹೊರಬಂದು ಮತ್ತೆ ಒಳಸೇರಿತು. ಅಕ್ಟೋಬರಿನಲ್ಲಿ ಬಳ್ಳಿಗಳು ಚಿಗುರಿ ಹೂಗೊಂಚಲು ಬಿಡುವ ಹೊತ್ತಿಗೆ ಕೊನೆಯ ಮೇಲುಗಲ್ಲು ಕೂತಿತು.

"ಕೊಂಪಾರೆ, ನಿನ್ನ ಗೋಡೆ ಬಸುರಿಯಾಗಿದೆಯಲ್ಲೋ," ಎಂದ ದೆಲ್ಸೀರ್. ಈ ಸಲ ಯಾರೂ ಜೋರಾಗಿ ನಗಲಿಲ್ಲ.

ಸತ್ತವರ ದಿನ ಬಿಷಪ್ಪರು ಬಂದರು. ಬಣ್ಣ ಬಳಿದ ಕಬ್ಬಿಣದ ಶಿಲುಬೆಗಳ ನಡುವೆ ಊರೆಲ್ಲ ಮಂಡಿಯೂರಿತು. ಇದಾಲಿನೊ ಹೊಳೆಕಲ್ಲಿನ ಬಳಿ ನಿಂತು ಬಾಗಿಲಿನತ್ತ ನೋಡುತ್ತಿದ್ದ. ಕಾರ್ಮೆಲಿಂದಾ ಅತ್ತ ಬರಲಿಲ್ಲ. ಪ್ರಾರ್ಥನೆ ಅರ್ಧವಾಗುವಾಗ ಬೆನ್ನ ಹಿಂದೆ ಕೋಲಿನ ಸದ್ದಾಯಿತು. ತಿರುಗಿದ. ಮುದುಕಿ ಗೋಡೆಯ ಆಚೆ ನಿಂತಿದ್ದಳು. ಅರವತ್ತೇಳು ವರ್ಷದ ರೂಢಿಯಂತೆ ಕಾಲು ಗೋಡೆ ಸುತ್ತಿಯೇ ಬಂದಿತ್ತು.

"ನೋಡೋ," ಎಂದಳು ಪಿಸುದನಿಯಲ್ಲಿ. "ಈಗ ನನ್ನನ್ನೇ ಹೊರಗಿಟ್ಟುಬಿಟ್ಟೆ."

"ಇರು, ಬಂದೆ. ಕೈ ಹಿಡಿದು ಬಾಗಿಲಿಂದ ಕರ್ಕೊಂಡು ಬರ್ತೀನಿ."

"ಬೇಡ, ಮತ್ತೆ ಅಷ್ಟು ಸುತ್ತೋಕೆ ಕಾಲಿಲ್ಲ." ಎದೆಮಟ್ಟದ ಗೋಡೆಯ ಮೇಲಿಂದ ಮೇಣದಬತ್ತಿ ಚಾಚಿದಳು. "ನೀನೇ ಹಚ್ಚು."

ಅವನು ಹಚ್ಚಿ ಕಲ್ಲಿನ ಮುಂದೆ ಊರಿದ. ಗಾಳಿಗೆ ಆರದಿರಲೆಂದು ಅಂಗೈ ಮರೆಮಾಡಿದ. ಗೋಡೆಯ ಆಸರೆಯಲ್ಲಿ ಗಾಳಿಯಿರಲಿಲ್ಲ, ಕೈ ತೆಗೆದ. ಉರಿ ನೆಟ್ಟಗೆ ನಿಂತಿತು. ಮುದುಕಿ ಕೈಗಳನ್ನು ಮೇಲುಗಲ್ಲಿನ ಮೇಲಿಟ್ಟುಕೊಂಡು ಅದನ್ನೇ ನೋಡಿದಳು.

"ಮೊದಲೇ ಒಂದು ಋಣ ಇತ್ತು. ಈಗ ಎರಡಾಯ್ತು," ಎಂದಳು. "ತೀರಿಸೋಕೆ ನಂಗೆ ವಯಸ್ಸು ಸಾಲದು."

"ಇರಲಿ ಬಿಡು ಆಮಿಯಾ," ಎಂದ ಇದಾಲಿನೊ.

ಆ ವರ್ಷ ಅವನ ತೋಟದ ಕೆಳಗಿನ ಗಡಿ ತೆರೆದೇ ಇತ್ತು. ಪಕ್ಕದವರ ಹಸುಗಳು ಎರಡು ಸಲ ನುಗ್ಗಿ ಚಿಗುರು ಮೇದವು. ಅಲ್ಲಿಗೆ ಕಲ್ಲು ತರುವ ಮಾತನ್ನು ಅವನು ಇನ್ನೂ ಆಡಿಲ್ಲ.